ಖಾಲಿ ಕೋಣೆಯ ವಿಷಯ

ಹೊಸ ಮನೆ, ಮೂರನೇ ಮಹಡಿ
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಅಮ್ಮಾ, ನನ್ನ ಪ್ರೀತಿಯ ಅಮ್ಮಾ,

ಕಣ್ಣು ಹೇಗಿದೆ? ಆಪರೇಷನ್ ಆದ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಹನಿ ಬಿಟ್ಟುಕೊಳ್ಳುತ್ತಿದ್ದೀಯೋ, ಅಥವಾ ಶೀಸೆ ಬೇಗ ಮುಗಿದುಹೋಗುತ್ತದೆಂದು ಎರಡು ಸಲಕ್ಕೇ ನಿಲ್ಲಿಸಿದ್ದೀಯೋ? ನಿನ್ನನ್ನು ನಾನು ಬಲ್ಲೆ. ಕಪ್ಪು ಕನ್ನಡಕ ಹಾಕಿಕೊಂಡರೆ ಪತ್ತೇದಾರಿಯ ಹಾಗೆ ಕಾಣುತ್ತೇನೆ ಎಂದು ಅದನ್ನು ದಿಂಬಿನ ಕೆಳಗೆ ಬಚ್ಚಿಟ್ಟಿರುತ್ತೀಯ. ಕಂಡರೆ ಕಾಣಲಿ, ಹಾಕಿಕೋ. ಮೊಣಕಾಲಿಗೆ ವ್ಯಾಯಾಮ ಹೇಳಿಕೊಡುವಾಕೆ ಬರುತ್ತಿದ್ದಾಳಾ? ಮೆಟ್ಟಿಲು ಇಳಿಯುವಾಗ ನೋವಿರುವ ಕಾಲನ್ನೇ ಮೊದಲು ಇಳಿಸಬೇಕು ಎಂದು ಅವಳು ಹೇಳಿದ್ದು ನನಗೇ ನೆನಪಿದೆ, ನಿನಗೆ ಮರೆತಿರುತ್ತದೆ. ನಾನು ಚೆನ್ನಾಗಿದ್ದೇನೆ. ಊಟ, ತಿಂಡಿ ಎಲ್ಲ ಸರಿಯಾಗಿಯೇ ನಡೆಯುತ್ತಿದೆ. ಸೊಂಟ ಮಾತ್ರ ಸ್ವಲ್ಪ ಹಿಡಿದುಕೊಂಡಿದೆ, ಒಂಬತ್ತು ದಿನದಿಂದ ರಟ್ಟಿನ ಪೆಟ್ಟಿಗೆಗಳನ್ನು ಆ ಗೋಡೆಯಿಂದ ಈ ಗೋಡೆಗೆ ಎಳೆಯುತ್ತಿರುವುದಕ್ಕೆ.

ಫೋನು ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀಯ. ನಿಮ್ಮ ಮನೆಯಲ್ಲಿ ಫೋನು ಇರುವುದು ಊಟದ ಮೇಜಿನ ಮೇಲೆ, ಅದೂ ಸ್ಪೀಕರ್ ಹಾಕಿಕೊಂಡು. ನಾನು "ಅಮ್ಮಾ" ಅಂದರೆ ನಾಲ್ಕು ಜನ "ಹಾಂ" ಅನ್ನುತ್ತಾರೆ. ಅಣ್ಣ, ಅತ್ತಿಗೆ, ಅವರ ಮಗಳು ಯಾರ ಮೇಲೂ ನನಗೆ ಕೋಪವಿಲ್ಲ, ಆದರೆ ಕೆಲವು ಮಾತು ಒಬ್ಬರ ಕಿವಿಗೇ ಹೋಗಬೇಕು. ಅದಕ್ಕೇ ಇದನ್ನು ನೀನು ದಿನಾ ಮಧ್ಯಾಹ್ನ ಪೇಪರ್ ಓದಲು ಹೋಗುವ ಗ್ರಂಥಾಲಯದ ಮೇಡಂ ಹೆಸರಿಗೆ ಕಳಿಸುತ್ತಿದ್ದೇನೆ. ಅವರಿಗೆ ಹೇಳಿದ್ದೇನೆ. ಅಲ್ಲೇ ಕೂತು ಓದು. ಅಕ್ಷರ ದಪ್ಪವಾಗಿಯೇ ಬರೆಯುತ್ತಿದ್ದೇನೆ, ಒಂದು ಕಣ್ಣಿನಲ್ಲಾದರೂ ಓದಬಹುದು.

ಹೇಳಬೇಕಾದ್ದು ಬಹಳ ಇದೆ, ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ ಈಗಾಗಲೇ ಎರಡು ಸಲ ಎದ್ದುಹೋಗಿ ಬಂದೆ. ಒಂದು ಸಲ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆಯಾ ನೋಡಲು, ಇನ್ನೊಂದು ಸಲ ಬಾಗಿಲಿಗೆ ಚಿಲಕ ಹಾಕಿದ್ದೇನಾ ನೋಡಲು. ಎರಡೂ ಸರಿಯಾಗಿಯೇ ಇದ್ದವು. ಈ ಮನೆಗೆ ಬಂದಾಗಿನಿಂದ ನನ್ನ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಯಾಕೆ ಎದ್ದೆ ಎಂದು ಮರೆತುಹೋಗುತ್ತದೆ. ಚಿಕ್ಕಂದಿನಲ್ಲಿ ನೀನು ನನ್ನನ್ನು ಇರುವೆ ಎಂದು ಕರೆಯುತ್ತಿದ್ದೆ. ಈಗ ನೋಡಿದ್ದರೆ ಇರುವೆಯೇ ಸೋತಿತು ಅನ್ನುತ್ತಿದ್ದೆ.

ಮನೆ ಹುಡುಕಿದ ಕಥೆಯನ್ನು ನಿನಗೆ ನಾನು ಸರಿಯಾಗಿ ಹೇಳಲೇ ಇಲ್ಲ. ಎಂಟು ತಿಂಗಳಲ್ಲಿ ಇಪ್ಪತ್ತಮೂರು ಮನೆ ನೋಡಿದೆ. ಲ್ಯಾಬಿನಲ್ಲಿ ನನ್ನ ಪಾಲಿನ ಕಟ್ಟುಹಲ್ಲಿನ ಸೆಟ್ಟುಗಳನ್ನು ಬೆಳಿಗ್ಗೆ ಬೇಗ ಹೋಗಿ ಮುಗಿಸಿ, ಕೈಗೆ ಅಂಟಿದ ಮೇಣವನ್ನು ಉಜ್ಜಿಕೊಳ್ಳುತ್ತಲೇ ದಲ್ಲಾಳಿಯ ಸ್ಕೂಟರಿನ ಹಿಂದೆ ಕೂರುತ್ತಿದ್ದೆ. ಒಳ್ಳೆಯ ಮನುಷ್ಯ, ಆದರೆ ಪ್ರತಿ ಮನೆಯ ಬಾಗಿಲಲ್ಲೂ ಒಂದೇ ಪ್ರಶ್ನೆ. "ಮನೆಯವರು ಯಾವಾಗ ನೋಡೋಕೆ ಬರ್ತಾರೆ ಮೇಡಂ?" ನಾನೇ ಮನೆಯವಳು ಎಂದರೆ ನಗುತ್ತಿದ್ದ. ಮನೆ ಮಾರುವವರೂ ಅಷ್ಟೇ. ನನ್ನ ಮುಖ ನೋಡಿ ಮಾತು ಶುರು ಮಾಡಿ, ಬೆಲೆಯ ವಿಷಯ ಬಂದ ಕೂಡಲೇ ದಲ್ಲಾಳಿಯ ಮುಖ ನೋಡುತ್ತಿದ್ದರು. ಒಂದು ಮನೆಯಲ್ಲಂತೂ ಯಜಮಾನರು, "ದೊಡ್ಡೋರು ಯಾರಾದ್ರೂ ಬರ್ಲಿ, ಆಮೇಲೆ ಮಾತಾಡೋಣ" ಎಂದರು. ನಲವತ್ತೆರಡು ವರ್ಷವಾಯಿತು ಅಮ್ಮಾ ನನಗೆ. ಇನ್ನೆಷ್ಟು ದೊಡ್ಡವಳಾಗಲಿ?

ಕೊನೆಗೆ ಸಾಕಾಗಿ ಒಂದು ಸುಳ್ಳು ಹೇಳಿದೆ. ನೀನು ಬೈಯಬಾರದು. ನಮ್ಮನೆಯವರು ಹಡಗಿನಲ್ಲಿದ್ದಾರೆ, ಬರುವುದು ಇನ್ನು ಆರು ತಿಂಗಳಿಗೆ ಎಂದುಬಿಟ್ಟೆ. ಎರಡು ವಾರ ಬಹಳ ಸುಖವಾಗಿತ್ತು. ಎಲ್ಲರೂ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಇಲ್ಲದ ಗಂಡನಿಗೆ ಅಷ್ಟೊಂದು ಮರ್ಯಾದೆ! ಮೂರನೇ ವಾರ ದಲ್ಲಾಳಿ ಸ್ಕೂಟರ್ ಓಡಿಸುತ್ತಲೇ ತಿರುಗಿ, "ನಮ್ಮ ಭಾವನೂ ಹಡಗಲ್ಲೇ ಇರೋದು ಮೇಡಂ, ನಿಮ್ಮೋರದ್ದು ಯಾವ ಕಂಪನಿ? ಸರಕಿನ ಹಡಗಾ, ಎಣ್ಣೆ ಹಡಗಾ?" ಎಂದು ಕೇಳಿದ. ಸಿಗ್ನಲ್ಲಿನಲ್ಲಿ ನಿಂತಾಗ ನಿಜ ಹೇಳಿದೆ. ಗಂಡನೂ ಇಲ್ಲ, ಹಡಗೂ ಇಲ್ಲ. ಅವನು ನಿಜಕ್ಕೂ ಬೇಜಾರಾದವನ ಹಾಗೆ, "ಮೊದಲೇ ಹೇಳಬಾರದಿತ್ತಾ? ಇಷ್ಟು ದಿನ ದೊಡ್ಡ ಅಡುಗೆಮನೆ ಇರೋದನ್ನೇ ಹುಡುಕಿ ಹುಡುಕಿ ತೋರಿಸ್ತಿದ್ದೆ" ಎಂದ. ಆಮೇಲೆ ಅವನು ಕರೆದುಕೊಂಡು ಬಂದಿದ್ದೇ ಈ ಮನೆಗೆ.

ಇದು ನಿವೃತ್ತಿಯಾದ ಟೈಪಿಸ್ಟ್ ಒಬ್ಬರ ಮನೆ. ಇಪ್ಪತ್ತಾರು ವರ್ಷ ಒಬ್ಬರೇ ಇಲ್ಲಿದ್ದರಂತೆ. ಮೂರು ಮಹಡಿ ಹತ್ತಲಾಗುವುದಿಲ್ಲವೆಂದು ನೆಲಮಹಡಿಯ ಮನೆಗೆ ಹೋಗುತ್ತಿದ್ದರು. ನಡುಮನೆ, ಎರಡು ಕೋಣೆ, ಉದ್ದಕ್ಕೆ ಮಲಗಿದ ಹಾಗಿರುವ ಅಡುಗೆಮನೆ, ಒಂದು ಕುರ್ಚಿ ಹಾಕಿದರೆ ಕಾಲನ್ನು ಕಂಬಿಯ ಮೇಲೆ ಇಡಬೇಕಾದಷ್ಟು ಬಾಲ್ಕನಿ. ಆಕೆ ಗಂಡನನ್ನು ಕೇಳಲಿಲ್ಲ, ಸಂಬಳ ಕೇಳಲಿಲ್ಲ. ಬಾಗಿಲಲ್ಲಿ ನಿಂತು ನನ್ನನ್ನೊಮ್ಮೆ ನೋಡಿ, "ನಿಮಗೆ ಬೆಳಗಿನ ಬಿಸಿಲು ಇಷ್ಟಾನಾ, ಸಂಜೇದಾ?" ಎಂದರು. ಇದು ಸಂಜೆ ಬಿಸಿಲಿನ ಮನೆ, ಬೆಳಿಗ್ಗೆ ಹೊತ್ತು ಮಬ್ಬು, ಆಮೇಲೆ ದೂರಬೇಡಿ ಎಂಬ ಅರ್ಥದಲ್ಲಿ ಕೇಳಿದ್ದು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ನಾನು ಇದ್ದ ಕಡೆಯೆಲ್ಲ ಬಿಸಿಲು ಬೇರೆಯವರ ಮಂಚದ ಮೇಲೆ ಬೀಳುತ್ತಿತ್ತು. ಲ್ಯಾಬ್ ಬಿಡುವುದು ಐದೂವರೆಗೆ ಎಂದು ಲೆಕ್ಕ ಹಾಕಿ "ಸಂಜೇದು" ಎಂದೆ. ಅದೇ ದಿನ ಮುಂಗಡ ಕೊಟ್ಟೆ.

ಈಗ ಅಣ್ಣನ ವಿಷಯಕ್ಕೆ ಬರುತ್ತೇನೆ. ಅವನು ನಿನ್ನ ಮುಂದೆ ಏನು ಹೇಳಿದ್ದಾನೋ ಗೊತ್ತಿಲ್ಲ. "ಜನರ ಮುಂದೆ ಮರ್ಯಾದೆ ತೆಗೆದಳು" ಎಂದಿದ್ದರೆ ಅದು ಸುಳ್ಳಲ್ಲ. ಆದರೆ ಪೂರ್ತಿ ಕೇಳು. ಬ್ಯಾಂಕಿನವರು ಸಾಲ ಮಂಜೂರು ಮಾಡಿದ ವಾರ ಅಣ್ಣ ಫೋನು ಮಾಡಿ, ಮನೆಯ ಕ್ರಯಪತ್ರದಲ್ಲಿ ತನ್ನ ಹೆಸರೂ ಇರಲಿ ಎಂದ. "ನಾಳೆ ನಿನಗೇನಾದ್ರೂ ಆದ್ರೆ? ನೀನು ಒಬ್ಬಳು. ಹೆಸರು ಇದ್ರೆ ನಾನು ನೋಡ್ಕೋತೀನಿ." ದುಡ್ಡಿನ ಆಸೆಯಿಂದ ಹೇಳಿದ್ದಲ್ಲ, ಅದು ನನಗೆ ಗೊತ್ತು. ಅಪ್ಪ ಹೋದಾಗ ಅವನಿಗೆ ಹದಿನೈದು, ನನಗೆ ಹನ್ನೊಂದು. ಅವತ್ತಿನಿಂದ ಮನೆಯ ಪ್ರತಿ ಕಾಗದದಲ್ಲೂ ಅವನ ಹೆಸರಿದೆ. ನನ್ನ ಶಾಲೆಯ ಅರ್ಜಿಯಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ, ಹಾಸ್ಟೆಲಿನ ರಿಜಿಸ್ಟರಿನಲ್ಲಿ. ನನ್ನ ಹೆಸರಿನ ಪಕ್ಕ ತನ್ನ ಹೆಸರಿಲ್ಲದಿದ್ದರೆ ಅವನಿಗೆ ನನ್ನನ್ನು ರಸ್ತೆಯ ಮಧ್ಯೆ ಬಿಟ್ಟುಬಂದ ಹಾಗೆ ಅನ್ನಿಸುತ್ತದೆ. ಅದಕ್ಕೇ ನಾನು ಬೇಡ ಎನ್ನಲಿಲ್ಲ. "ಸರಿ ಅಣ್ಣ, ಬಾ" ಎಂದೆ. ತಪ್ಪು ಅಲ್ಲೇ ಆಯಿತು. ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಲ್ಲಿ ಹೇಳಿದೆ.

ಅವನು ಐದು ಗಂಟೆ ಬಸ್ಸಿನಲ್ಲಿ ಕೂತು ಬಂದ. ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡಿದ್ದ, ನಮ್ಮ ಮನೆಯ ದೊಡ್ಡ ಕೆಲಸಗಳಿಗೆ ಹಾಕುತ್ತಾನಲ್ಲ, ಅದು. ಕವರಿನಲ್ಲಿ ಫೋಟೊಗಳು, ಗುರುತಿನ ಚೀಟಿಯ ನಕಲುಗಳು, ಎಲ್ಲಕ್ಕೂ ಪಿನ್ನು ಹೊಡೆದಿಟ್ಟಿದ್ದ. ರಿಜಿಸ್ಟ್ರಾರ್ ಆಫೀಸಿನ ಎದುರಿಗೆ ಪತ್ರ ಬರೆಯುವವರ ಸಣ್ಣ ಅಂಗಡಿ. ಟೈಪಿಸ್ಟ್ ಅಮ್ಮ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಪತ್ರ ಬರೆಯುವವರ ಮೇಲಿನ ಹಲ್ಲಿನ ಸೆಟ್ಟು ಸಡಿಲ, ಮಾತಾಡಿದರೆ ಟಕಟಕ ಸದ್ದು. ಯಾರು ಮಾಡಿಕೊಟ್ಟರೋ ಎಂದು ಅಂಥ ಹೊತ್ತಿನಲ್ಲೂ ನನಗೆ ಅದೇ ಯೋಚನೆ. ಅವರು ಕಂಪ್ಯೂಟರಿನ ಮೇಲೆ ಬೆರಳಿಟ್ಟುಕೊಂಡು, "ಬ್ಯಾಂಕಿನ ಕಾಗದದಲ್ಲಿ ಒಬ್ಬರ ಹೆಸರೇ ಇದೆ. ಇನ್ನೊಂದು ಸೇರಿಸೋದಾದ್ರೆ ಅವರಿಗೆ ಬರೆದು ಕೇಳಬೇಕು, ಎರಡು ದಿನ ಹೆಚ್ಚಾಗುತ್ತೆ ಅಷ್ಟೇ. ಸೇರಿಸೋದಾ?" ಎಂದರು. ಅಣ್ಣ "ಹೌದು, ಇಬ್ಬರದ್ದೂ" ಎನ್ನುತ್ತ ಕವರು ಬಿಚ್ಚಿದ. ನಾನು "ಇಲ್ಲ, ಒಬ್ಬರದ್ದೇ" ಎಂದೆ.

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಪತ್ರ ಬರೆಯುವವರು ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದರು. "ಸರಿಯಾಗಿ ಮಾತಾಡ್ಕೊಂಡು ಹೇಳಿ. ಆಮೇಲೆ ತಿದ್ದೋದು ಕಷ್ಟ." ಅಣ್ಣ ಮೆಲ್ಲಗೆ, "ಏನೇ ಇದು? ಫೋನಲ್ಲಿ ಹೂಂ ಅಂದಿದ್ದೆಯಲ್ಲ" ಎಂದ. ಎಷ್ಟೋ ದೊಡ್ಡ ಮಾತುಗಳನ್ನು ಸ್ನಾನದ ಮನೆಯಲ್ಲಿ ನಿಂತು ಅಭ್ಯಾಸ ಮಾಡಿಕೊಂಡಿದ್ದೆ. ಒಂದೂ ಬರಲಿಲ್ಲ. "ಹೂಂ ಅಂದಿದ್ದು ತಪ್ಪು ಅಣ್ಣ. ನಂದೇ ಇರ್ಲಿ" ಎಂದಷ್ಟೇ ಹೇಳಿದೆ. ಅವನ ಮುಖ ಸಣ್ಣದಾಯಿತು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಫೋಟೊಗಳನ್ನು ಒಂದೊಂದಾಗಿ ಕವರಿಗೆ ಹಾಕಿ, ಕವರನ್ನು ಜೇಬಿಗೆ ಹಾಕಿ, ಜೇಬಿನ ಗುಂಡಿ ಹಾಕಿಕೊಂಡ.

ಇಷ್ಟು ನಿನಗೆ ಗೊತ್ತಿರಬಹುದು. ಇನ್ನೊಂದು ಸಂಗತಿಯನ್ನು ಅವನು ಹೇಳಿರುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಪತ್ರಕ್ಕೆ ಇಬ್ಬರು ಸಾಕ್ಷಿ ಬೇಕಿತ್ತು. ನನ್ನ ಕಡೆಯಿಂದ ಬರಬೇಕಿದ್ದ ಲ್ಯಾಬಿನ ಯಜಮಾನರು ಆ ದಿನ ಜ್ವರವೆಂದು ಬರಲಿಲ್ಲ. ದಲ್ಲಾಳಿ ಒಂದು ಸಹಿ ಹಾಕಿದ. ಇನ್ನೊಬ್ಬರು ಯಾರು ಎಂದಾಗ ನಾನು ರಸ್ತೆಯ ಕಡೆ ನೋಡುತ್ತಿದ್ದೆ, ಪರಿಚಯದವರು ಯಾರಾದರೂ ಹೋಗುತ್ತಿರುತ್ತಾರಾ ಎಂದು. ಬಾಗಿಲ ಬಳಿ ನಿಂತಿದ್ದ ಅಣ್ಣ ಒಳಗೆ ಬಂದು, ಪೆನ್ನು ಕೇಳಿ ತೆಗೆದುಕೊಂಡು, ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದ. ತನ್ನ ಪೂರ್ತಿ ಹೆಸರು, ಪೂರ್ತಿ ವಿಳಾಸ ಬರೆದ. ಸಂಬಂಧ ಎಂಬಲ್ಲಿ "ಅಣ್ಣ" ಎಂದು ಬರೆದ. ಅದನ್ನು ಬರೆಯಬೇಕಾಗಿಯೇ ಇರಲಿಲ್ಲವಂತೆ, ಪತ್ರ ಬರೆಯುವವರು ಆಮೇಲೆ ಹೇಳಿದರು. ಊಟಕ್ಕೆ ನಿಲ್ಲಲಿಲ್ಲ. "ಬಸ್ಸಿದೆ" ಎಂದು ಹೊರಟುಹೋದ. ಅವನ ಹಿಂದೆ ಬಸ್ ನಿಲ್ದಾಣದವರೆಗೂ ಓಡಬೇಕೆನ್ನಿಸಿತು, ಆದರೆ ಅಷ್ಟರಲ್ಲಿ ಎದುರಿನ ಆಫೀಸಿನೊಳಗೆ ನನ್ನ ಹೆಬ್ಬೆರಳಿನ ಗುರುತಿಗೆ ಕರೆದರು. ಬೆರಳಿಗೆ ಶಾಯಿ ಹತ್ತಿದ್ದು ಎರಡು ದಿನ ಹೋಗಲಿಲ್ಲ. ಲ್ಯಾಬಿನಲ್ಲಿ ಒಬ್ಬರ ಮುಂದಿನ ನಾಲ್ಕು ಹಲ್ಲಿನ ಮೇಲೆಲ್ಲ ನೀಲಿ ಕಲೆಯಾಗಿ ಮತ್ತೆ ಮಾಡಬೇಕಾಯಿತು.

ಪತ್ರವಾಯಿತು, ಬೀಗದ ಕೈ ಬಂತು, ಸಾಮಾನು ತಂದೆ. ಸಾಮಾನು ಎಂದರೇನು, ನಿನಗೇ ಗೊತ್ತು. ಹಾಸ್ಟೆಲಿನಿಂದ ಹಾಸ್ಟೆಲಿಗೆ ಹೊತ್ತ ಎರಡು ಸೂಟ್‌ಕೇಸು, ಕೆಲವು ರಟ್ಟಿನ ಪೆಟ್ಟಿಗೆ, ಒಂದು ಹಾಸಿಗೆ, ಆರು ಪಾತ್ರೆ. ಎಲ್ಲವನ್ನೂ ಒಂದೇ ಕೋಣೆಯಲ್ಲಿ ಇಟ್ಟುಕೊಂಡೆ. ಅಭ್ಯಾಸಬಲ. ಮೂರನೇ ದಿನವೇ ಗೊತ್ತಾಗಿದ್ದು, ನಾನು ನಡೆಯುವಾಗಲೂ ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದೇನೆ ಎಂದು, ಬೇರೆಯವರಿಗೆ ದಾರಿ ಬಿಡುವವಳ ಹಾಗೆ. ಕೂತು ಲೆಕ್ಕ ಹಾಕಿದೆ. ಚಿಕ್ಕವಳಿದ್ದಾಗ ನಿನಗೂ ಗೋಡೆಗೂ ನಡುವೆ ಮಲಗುತ್ತಿದ್ದೆ. ಆಮೇಲೆ ಇಪ್ಪತ್ತನಾಲ್ಕು ವರ್ಷ ಹಾಸ್ಟೆಲು, ಒಂದು ಕೋಣೆಗೆ ಮೂವರು, ಕೊನೆಕೊನೆಗೆ ಇಬ್ಬರು. ಈ ನಲವತ್ತೆರಡು ವರ್ಷದಲ್ಲಿ ಒಂದು ಇಡೀ ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ, ಒಂದು ಮನೆಯಲ್ಲಿ ನಾನೊಬ್ಬಳೇ ಇದ್ದದ್ದು ಕಳೆದ ಭಾನುವಾರ, ಮೊದಲ ಸಲ. ನಿನಗೆ ಮಾತ್ರ ಹೇಳುತ್ತೇನೆ, ಸ್ನಾನದ ಮನೆಯ ಬಾಗಿಲು ಹಾಕಲಿಲ್ಲ. ಬ್ರೆಡ್ಡನ್ನು ಒಲೆಯ ಮುಂದೆ ನಿಂತುಕೊಂಡೇ ತಿಂದೆ. ನಡುಮನೆಯಲ್ಲಿ ಜೋರಾಗಿ ಹಾಡಿದೆ, ನನ್ನ ಶ್ರುತಿ ಎಂಥದ್ದು ಎಂದು ನಿನಗೆ ಗೊತ್ತಲ್ಲ, ಎದುರು ಮನೆಯಾಕೆ ಏನಾಯಿತೆಂದು ಬಂದು ನೋಡಿದಳು. "ಒಬ್ಬರೇನಾ?" ಎಂದಳು. ಹೌದು ಎಂದೆ. "ಅಯ್ಯೋ ಪಾಪ" ಎಂದಳು. ಬಾಗಿಲು ಹಾಕಿಕೊಂಡು ಬಂದು ನಗು ತಡೆಯಲಾಗಲಿಲ್ಲ.

ಆ ಸುಖ ಒಂದೇ ದಿನದ್ದಾಯಿತು. ಸೋಮವಾರ ಮಧ್ಯಾಹ್ನ ಅಣ್ಣನ ಫೋನು ಬಂತು. ಪತ್ರದ ವಿಷಯವೇ ಎತ್ತಲಿಲ್ಲ, ಏನೂ ಆಗದವನ ಹಾಗೆ ಮಾತಾಡಿದ. ನನಗೆ ಎಷ್ಟು ಹಗುರವಾಯಿತೆಂದರೆ ಕೈಯಲ್ಲಿದ್ದ ಮೇಣದ ಅಚ್ಚು ಕೆಳಗಿಟ್ಟು ಹೊರಗೆ ಹೋಗಿ ನಿಂತೆ. ಮಾತಿನ ಕೊನೆಯಲ್ಲಿ, "ಅಮ್ಮನ ಟ್ರಂಕು ಸಿದ್ಧವಾಗಿದೆ. ತಿಂಗಳ ಕೊನೆಗೆ ಕರ್ಕೊಂಡು ಬಂದು ಬಿಡ್ತೀನಿ. ಹೇಗೂ ನಿನ್ನ ಹತ್ರ ಒಂದು ಕೋಣೆ ಖಾಲಿ ಇದೆಯಲ್ಲ. ಇಲ್ಲಿ ಮಗಳಿಗೂ ಪರೀಕ್ಷೆ, ಓದೋಕೆ ಜಾಗ ಆಗುತ್ತೆ" ಎಂದ. ಹಿಂದಿನಿಂದ ಅತ್ತಿಗೆ, "ನಿಮಗೂ ಜೊತೆಯಾಗುತ್ತೆ" ಎಂದಿದ್ದು ಕೇಳಿಸಿತು. ನಾನು "ಹೂಂ" ಎಂದೆ. ಮತ್ತೆ ಅದೇ ಹಾಳು ಹೂಂ.

ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ. ಒಬ್ಬರಿಗೂ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಲ್ಯಾಬಿನ ಯಜಮಾನರು, "ಇನ್ನು ಅಮ್ಮನ್ನ ಕರ್ಕೊಂಡು ಬರ್ತೀರಲ್ಲ, ಒಳ್ಳೇದಾಯ್ತು" ಎಂದರು. ಎಲ್ಲರಿಗೂ ಅದು ಲೆಕ್ಕ ಸರಿಹೋದ ಹಾಗೆ ಕಾಣುತ್ತದೆ. ಮೊನ್ನೆ ಆ ಎರಡನೇ ಕೋಣೆಯನ್ನು ಗುಡಿಸಿ ಒರೆಸಿದೆ, ನಿನ್ನ ಮಂಚ ಎಲ್ಲಿ ಬರುತ್ತದೆ ಎಂದು ಹೆಜ್ಜೆ ಹಾಕಿ ಅಳೆದೆ. ನಿನ್ನೆ ಹೋಗಿ ಅಲ್ಲೇ ನೆಲದ ಮೇಲೆ ಕೂತೆ. ಸಂಜೆಯ ಬಿಸಿಲು ಕಿಟಕಿಯಿಂದ ಬಂದು ಎದುರಿನ ಗೋಡೆಯ ಅರ್ಧದವರೆಗೂ ಹೋಗುತ್ತದೆ. ಕೋಣೆಯಲ್ಲಿ ಏನೂ ಇಲ್ಲ. ಅಲ್ಲಿ ಏನು ಮಾಡಬೇಕೆಂದು ನನಗೆ ಇನ್ನೂ ಗೊತ್ತಿಲ್ಲ. ಹೊಲಿಗೆ ಕಲಿಯುತ್ತೇನೋ, ಸುಮ್ಮನೆ ಕೂರುತ್ತೇನೋ, ಬಾಗಿಲು ಹಾಕಿ ಬಿಡುತ್ತೇನೋ. ಗೊತ್ತಿಲ್ಲದಿರುವುದೇ ಎಷ್ಟು ಚೆನ್ನಾಗಿದೆ ಅನ್ನಿಸಿತು. ಅನ್ನಿಸಿದ ಕೂಡಲೇ, ಅಮ್ಮ ಅಲ್ಲಿ ಮೊಮ್ಮಗಳ ಕೋಣೆಯ ಮೂಲೆಯಲ್ಲಿ ಮಡಚುವ ಮಂಚದ ಮೇಲೆ ಮಲಗುತ್ತಾಳೆ, ನಾನಿಲ್ಲಿ ಗೋಡೆ ನೋಡುತ್ತ ಕೂತಿದ್ದೇನೆ ಎಂದು ಎದ್ದುಬಿಟ್ಟೆ. ಎದ್ದು ಪೆಟ್ಟಿಗೆ ಎಳೆದೆ. ಸೊಂಟ ಹಿಡಿದುಕೊಂಡಿದ್ದು ಆಗಲೇ.

ಸಾಕು. ಗ್ರಂಥಾಲಯದ ಮೇಡಂಗೆ ನನ್ನ ನಮಸ್ಕಾರ ಹೇಳು. ಅಣ್ಣನ ಮಗಳಿಗೆ ಚೆನ್ನಾಗಿ ಓದಲು ಹೇಳು, ಅವಳ ಮೇಲೆ ನನಗೆ ಬಹಳ ಪ್ರೀತಿ. ಅತ್ತಿಗೆಯನ್ನೂ ಕೇಳಿದೆನೆಂದು ಹೇಳು. ನಿನ್ನ ಎರಡೂ ಕೈಯನ್ನು ನನ್ನ ಕಣ್ಣಿಗೆ ಒತ್ತಿಕೊಂಡಿದ್ದೇನೆಂದು ತಿಳಿದುಕೋ.

ನಿನ್ನ
ಇರುವೆ

ಮರೆತಿದ್ದು: ಇಲ್ಲ, ಮರೆತಿರಲಿಲ್ಲ. ಹೇಳಲು ಧೈರ್ಯವಿಲ್ಲದೆ ಇಷ್ಟು ಹಾಳೆ ತುಂಬಿಸಿದೆ. ಮನಸ್ಸು ಬದಲಾಗುವ ಮೊದಲೇ ಇದನ್ನು ಅಂಚೆ ಡಬ್ಬಿಗೆ ಹಾಕಬೇಕು, ಬೇಗ ಬರೆಯುತ್ತೇನೆ. ತಿಂಗಳ ಕೊನೆಗೆ ಬರಬೇಡ ಅಮ್ಮಾ. ಮೇಲೆ ಒಂದು ಸಾಲು ಹೊಡೆದುಹಾಕಿರುವುದು ನಿನಗೆ ಕಾಣುತ್ತದೆ, ಅಲ್ಲಿ "ಆರು ತಿಂಗಳು ಬರಬೇಡ" ಎಂದು ಬರೆದಿದ್ದೆ. ಅದು ಸುಳ್ಳು. ನನಗೆ ಒಂದು ವರ್ಷ ಬೇಕು. ಒಂದು ವರ್ಷ ಈ ಮನೆಯಲ್ಲಿ ನಾನೊಬ್ಬಳೇ ಇರಬೇಕು. ನೀನು ಎಂಟು ದಿನಕ್ಕೆ, ಹದಿನೈದು ದಿನಕ್ಕೆ ಯಾವಾಗ ಬೇಕಾದರೂ ಬಾ, ಅದು ಬೇರೆ. ಟ್ರಂಕು ತರಬೇಡ. ಈಗಷ್ಟೇ ಅಣ್ಣನಿಗೆ ಫೋನು ಮಾಡಿ ಇದನ್ನೇ ಹೇಳಿದೆ, ಈ ಸಲ ಅವನು ಬಸ್ಸು ಹತ್ತುವ ಮೊದಲೇ ಹೇಳಿದೆ. "ಅಮ್ಮಂಗೆ ನೀನೇ ಹೇಳು, ನನ್ನ ಕೈಲಾಗಲ್ಲ" ಎಂದ. ಹೇಳುತ್ತಿದ್ದೇನೆ. ನಿನಗೆ ನೋವಾಗುತ್ತದೆ, ಗೊತ್ತಿದ್ದೇ ಹೇಳುತ್ತಿದ್ದೇನೆ.

ಅಪ್ಪ ಹೋದ ಮೇಲೆ ನೀನು ಕೆಲಸದಿಂದ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದೆ. "ಹತ್ತು ನಿಮಿಷ ನನ್ನನ್ನ ಯಾರೂ ಅಮ್ಮಾ ಅನ್ನಬೇಡಿ" ಎನ್ನುತ್ತಿದ್ದೆ. ನಾವಿಬ್ಬರೂ ಬಾಗಿಲ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದೆವು, ಒಂಬತ್ತನೇ ನಿಮಿಷಕ್ಕೇ ಕೂಗಿಬಿಡುತ್ತಿದ್ದೆವು. ನಿನಗೆ ಒಂದು ದಿನವೂ ಪೂರ್ತಿ ಹತ್ತು ನಿಮಿಷ ಸಿಗಲಿಲ್ಲ. ಆದ್ದರಿಂದಲೇ, ಇದನ್ನು ಅರ್ಥ ಮಾಡಿಕೊಳ್ಳುವವಳು ಯಾರಾದರೂ ಇದ್ದರೆ ನೀನೇ ಅನ್ನಿಸುತ್ತದೆ.

ಇನ್ನೊಂದೇ ಮಾತು. ಆ ಟ್ರಂಕು ತುಂಬಿಸಿದ್ದು ನೀನಾ, ಅತ್ತಿಗೆಯಾ? ನಿನಗೆ ಇಲ್ಲಿಗೆ ಬರಬೇಕು ಅನ್ನಿಸಿತ್ತಾ, ಅಥವಾ ನಿನ್ನನ್ನೂ ಯಾರೂ ಕೇಳಲಿಲ್ಲವಾ? ಬೈಯುವುದಾದರೆ ಎಷ್ಟು ಬೇಕಾದರೂ ಬೈ. ಆದರೆ ಅಣ್ಣನ ಕೈಲಿ ಹೇಳಿಸಬೇಡ, ನೀನೇ ಬರೆ.